ಏಳು ಗಂಟೆ ಬಸ್ಸಿನ ಬಂಧುಬಳಗ

ನಿಧನ ವಾರ್ತೆಗೆ ನಮ್ಮ ಪತ್ರಿಕೆಯಲ್ಲಿ ಒಂದು ಅಚ್ಚು ಇತ್ತು. ಮೊದಲು ಊರು, ನಂತರ ಹೆಸರು, ವಯಸ್ಸು, ನಿಧನರಾದ ದಿನ. ಮೃತರು ಏನು ಕೆಲಸದಲ್ಲಿದ್ದರು ಎಂಬ ಒಂದು ವಾಕ್ಯ. ಕೊನೆಗೆ, ಅವರಿಗೆ ಪತ್ನಿ, ಇಬ್ಬರು ಪುತ್ರರು, ಒಬ್ಬ ಪುತ್ರಿ ಹಾಗೂ ಅಪಾರ ಬಂಧುಬಳಗ ಇದೆ. ಮಕ್ಕಳ ಸಂಖ್ಯೆ ಬದಲಾಗುತ್ತಿತ್ತು, ಬಂಧುಬಳಗ ಬದಲಾಗುತ್ತಿರಲಿಲ್ಲ. ಕಾರವಾರದ ಕಚೇರಿಯಲ್ಲಿ ಇದ್ದಷ್ಟು ವರ್ಷ ಆ ಸಾಲನ್ನು ಎಷ್ಟು ಸಲ ಬರೆದೆನೋ ನೆನಪಿಲ್ಲ. ಒಂದೇ ಒಂದು ಸಲ ಅದನ್ನು ಹೊಡೆದುಹಾಕಿದೆ. ಆ ಒಂದು ಸಲ ನೆನಪಿದೆ.

ಎರಡು ಸಾವಿರದ ಐದು ಅಥವಾ ಆರು ಇರಬೇಕು. ನಾನು ಅಂಕೋಲೆಯಲ್ಲಿ ಬಾಡಿಗೆ ಕೋಣೆಯೊಂದರಲ್ಲಿ ಒಬ್ಬನೇ ಇದ್ದೆ. ಮದುವೆ ಮುರಿದು ಕೆಲವು ವರ್ಷವಾಗಿತ್ತು. ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಕಾರವಾರಕ್ಕೆ ಹೋಗಿ ಸಂಜೆ ಏಳರ ಬಸ್ಸಿಗೆ ಮರಳುತ್ತಿದ್ದೆ. ಕಾರವಾರದಲ್ಲೇ ಒಂದು ಕೋಣೆ ಹಿಡಿಯಬಾರದೇ ಎಂದು ಕಚೇರಿಯಲ್ಲಿ ಕೇಳುತ್ತಿದ್ದರು. ಅಂಕೋಲೆಯಲ್ಲಿ ಬಾಡಿಗೆ ಕಡಿಮೆ ಎನ್ನುತ್ತಿದ್ದೆ. ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕಳೆದರೆ ಕೋಣೆಯಲ್ಲಿ ಕಳೆಯಬೇಕಾದ ಹೊತ್ತು ಅಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಬೆಳಗಿನ ಬಸ್ಸು ಅಂಕೋಲೆಯಿಂದಲೇ ಹೊರಡುವುದರಿಂದ ನನಗೆ ಸೀಟು ಸಿಗುತ್ತಿತ್ತು. ಸಂಜೆಯದು ಬೇರೆ ಕಥೆ. ಕಚೇರಿ, ಅಂಗಡಿ, ಶಾಲೆ ಬಿಟ್ಟವರೆಲ್ಲ ಏಳರ ಬಸ್ಸಿಗೇ ಬರುತ್ತಿದ್ದರು. ಬಸ್ಸು ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಕರವಸ್ತ್ರ, ಚೀಲ ತೂರಿಸಿ ಸೀಟು ಹಿಡಿಯುವುದು ವಾಡಿಕೆ. ಖಾಲಿ ಸೀಟಿನ ಮೇಲೆ ಯಾರದ್ದಾದರೂ ವಸ್ತು ಇದ್ದರೆ ಅದು ಅವರ ಸೀಟು. ಅದಕ್ಕೆ ಯಾರ ತಕರಾರೂ ಇರುತ್ತಿರಲಿಲ್ಲ.

ಈ ಬಸ್ಸಿನ ಕಾಯಂ ಪ್ರಯಾಣಿಕರಲ್ಲಿ ಒಬ್ಬರನ್ನು ಗಂಡಸರೆಲ್ಲ ಬಾವ ಎಂದು ಕರೆಯುತ್ತಿದ್ದರು. ಹೆಂಗಸರಿಗೆ ಅವರು ಅಣ್ಣ. ಐವತ್ತೈದರ ಆಸುಪಾಸಿನ ತೆಳ್ಳಗಿನ ಆಳು, ಸದಾ ಅರ್ಧ ತೋಳಿನ ಬಿಳಿ ಅಂಗಿ. ಕಾರವಾರದ ಒಂದು ಸ್ಟೇಷನರಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವ ಕೆಲಸ. ಬಸ್ಸಿನಲ್ಲಿದ್ದವರಲ್ಲಿ ಯಾರಿಗೂ ಅವರು ನಿಜವಾಗಿ ಬಾವ ಆಗಿರಲಿಲ್ಲ. ಅಂಗಡಿ ಬಿಟ್ಟು ಆರೂಕಾಲಿಗೇ ಬಸ್ ನಿಲ್ದಾಣಕ್ಕೆ ಬರುತ್ತಿದ್ದರು. ಬಸ್ಸು ಆಗ ಹಿಂದಿನ ಅಂಗಳದಲ್ಲಿ ನಿಂತಿರುತ್ತಿತ್ತು. ಕಂಡಕ್ಟರು ಅವರೊಬ್ಬರನ್ನು ಅಲ್ಲಿಯೇ ಹತ್ತಿಸಿಕೊಳ್ಳುತ್ತಿದ್ದರು. ಹತ್ತಿದ ಮೇಲೆ ಬಾವ ತಮ್ಮ ಬಳಿಯಿದ್ದ ಒಂದೊಂದೇ ವಸ್ತುವನ್ನು ಒಂದೊಂದು ಸೀಟಿನ ಮೇಲೆ ಇಟ್ಟುಬಿಡುತ್ತಿದ್ದರು. ಕರವಸ್ತ್ರ, ಊಟದ ಡಬ್ಬಿ, ಡಬ್ಬಿಯ ಚೀಲ, ಆ ದಿನದ ಪೇಪರಿನ ಎರಡು ಹಾಳೆ, ಕೊಡೆ. ಯಾವ ವಸ್ತು ಯಾರಿಗೆ ಎಂಬುದು ಅವರ ತಲೆಯಲ್ಲಿ ಇರುತ್ತಿತ್ತು. ಮೊಣಕಾಲು ನೋವಿನವರು, ಬಸುರಿಯರು, ಆಸ್ಪತ್ರೆಯಿಂದ ಬಿಡುಗಡೆಯಾಗಿ ಹೊರಟವರು.

ಒಂದು ಸಂಜೆ ವಸ್ತುಗಳು ಸಾಲದೆ ತಮ್ಮ ಒಂದು ಚಪ್ಪಲಿಯನ್ನೇ ಸೀಟಿನ ಮೇಲೆ ಇಟ್ಟಿದ್ದರು. ಅದು ಅಮದಳ್ಳಿಯಲ್ಲಿ ಇಳಿಯುವ ಒಬ್ಬ ಬಡಗಿಯ ಪಾಲಿಗೆ ಬಂತು.

"ನಾ ಎಂತ ಪಾಪ ಮಾಡಿದ್ದೆ ಬಾವ? ಉಳದವರಿಗೆಲ್ಲ ಡಬ್ಬಿ, ಪೇಪರು. ನಂಗೆ ನಿಮ್ಮ ಚಪ್ಪಲು."

"ಬಲಗಾಲಿಂದು ಮಾರಾಯ. ಎಡಗಾಲಿಂದು ಇಟ್ಟಿದ್ರೆ ಸಿಟ್ಟು ಮಾಡು."

"ಸೆಗಣಿ ಮೆಟ್ಟಿದ್ದು ಯಾವ ಕಾಲಲ್ಲಿ?"

"ಅದು ಕೂತ ಮೇಲೆ ಗೊತ್ತಾಗ್ತದೆ."

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಕಿಟಕಿಯ ಕಡೆ ತಿರುಗಿಕೊಂಡು.

ನನ್ನ ಪಾಲಿನದು ಕೊಡೆ. ಕೊನೆಯ ಸುದ್ದಿ ಹುಬ್ಬಳ್ಳಿಯ ಮುಖ್ಯ ಕಚೇರಿಗೆ ಹೋಗದ ಹೊರತು ನಾನು ಕಚೇರಿ ಬಿಡುವಂತಿರಲಿಲ್ಲ. ಏಳಕ್ಕೆ ಐದು ನಿಮಿಷ ಇರುವಾಗ ಓಡುತ್ತಾ ಬಂದರೆ ಬಲಬದಿಯ ಮೂರನೇ ಸೀಟಿನ ಮೇಲೆ ಮಡಿಚಿದ ಕಪ್ಪು ಕೊಡೆ ಇರುತ್ತಿತ್ತು. ಮಳೆಗಾಲ ಬೇಸಿಗೆ ಎನ್ನದೆ ಇರುತ್ತಿತ್ತು. ಅವರು ಕೊಡೆ ಎತ್ತಿಕೊಂಡು, "ಸುದ್ದಿ ಎಲ್ಲ ಆಯ್ತಾ?" ಎನ್ನುತ್ತಿದ್ದರು. ಆಯ್ತು ಎನ್ನುತ್ತಿದ್ದೆ. "ನಾಳೆ ಎಷ್ಟೊತ್ತಿಗೆ ಬರ್ತ್ರಿ?" ಹೇಳೋಕೆ ಆಗೋದಿಲ್ಲ ಎನ್ನುತ್ತಿದ್ದೆ. ಮೂರು ವರ್ಷ ನಮ್ಮ ನಡುವಿನ ಮಾತು ಇಷ್ಟೇ. ಪತ್ರಕರ್ತನಿಗೆ ಸೀಟು ಬಿಟ್ಟುಕೊಡುವವರು ಮುಂದೊಂದು ದಿನ ಯಾವುದೋ ಸುದ್ದಿ ಹಾಕಿಸಿಕೊಳ್ಳಲು ಬರುತ್ತಾರೆ ಎಂಬುದು ನಾನು ವೃತ್ತಿಯಲ್ಲಿ ಕಲಿತ ಎಚ್ಚರ. ಅವರು ಒಮ್ಮೆಯೂ ಏನನ್ನೂ ಕೇಳಲಿಲ್ಲ. ನಾನು ಎಚ್ಚರವನ್ನು ಬಿಡಲಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಿದ್ದೆ. ಅರ್ಗಾ ದಾಟಿ ನೌಕಾನೆಲೆಯ ಗೋಡೆ ಶುರುವಾದ ಕೂಡಲೇ ಅವರು ತಮ್ಮ ಸೀಟನ್ನು ನಿಂತವರಲ್ಲಿ ಯಾರಿಗಾದರೂ ಕೊಟ್ಟು ಎದ್ದು ನಿಲ್ಲುತ್ತಿದ್ದರು. ದಿನವೂ ಅಲ್ಲಿಯೇ. ಧಾರಾಳ ಮನುಷ್ಯ ಎಂದುಕೊಂಡು ಬಿಟ್ಟಿದ್ದೆ.

ಮಳೆಗಾಲ ಮುಗಿದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಬಸ್ಸು ಖಾಲಿಯಾಗಿತ್ತು. ಕಾಯಂ ಮುಖಗಳು ಒಂದೂ ಇರಲಿಲ್ಲ. ಕಂಡಕ್ಟರು ಕೂಡ ಬೇರೆ.

"ಇವತ್ತು ಏನಾದರೂ ರಜೆಯಾ?" ಎಂದು ಕೇಳಿದೆ.

"ಗೊತ್ತಿಲ್ರಿ. ನಾನು ಬದಲಿ ಬಂದವನು."

ಅವರ್ಸಾದಲ್ಲಿ ದಿನವೂ ಹತ್ತುವ ಶಾಲಾ ಶಿಕ್ಷಕಿ, ಎಲ್ಲರ ಬಾಯಲ್ಲಿ ಅಕ್ಕೋರು, ನಿಲ್ದಾಣದಲ್ಲಿ ಇರಲಿಲ್ಲ. ಅಮದಳ್ಳಿಯ ಬಡಗಿ ಇರಲಿಲ್ಲ. ಎಲ್ಲಾದರೂ ಮುಷ್ಕರ ಇರಬಹುದೇ ಎಂದು ಅನುಮಾನವಾಯಿತು. ಜೇಬಿನ ನೋಟುಪುಸ್ತಕ ತೆಗೆದು, "ಅಂಕೋಲೆ ಬಸ್ ಖಾಲಿ. ಯಾಕೆ? ವಿಚಾರಿಸು" ಎಂದು ಬರೆದುಕೊಂಡೆ. ಕಾರವಾರದಲ್ಲಿ ಜಿಲ್ಲಾ ಮಟ್ಟದ ಸಭೆಯೊಂದು ಇತ್ತು. ಅದರಲ್ಲಿ ಮುಳುಗಿ ವಿಚಾರಿಸುವುದನ್ನು ಮರೆತೆ.

ಸಂಜೆ ಮೂರನೇ ಸೀಟಿನ ಮೇಲೆ ಕೊಡೆ ಇರಲಿಲ್ಲ. ಅಲ್ಲಿ ಯಾರೋ ಕೂತಿದ್ದರು. ಅವರ ಹಿಂದಿನ ಸೀಟಿನಿಂದ ಅಕ್ಕೋರು ಕರೆದರು.

"ಪೇಪರಿನವ್ರೆ, ಅಣ್ಣ ತೀರ್ಕಂಡ್ರು."

ಯಾವ ಅಣ್ಣ ಎಂದು ಕೇಳಬೇಕಾಗಲಿಲ್ಲ.

"ನಿನ್ನೆ ಮಧ್ಯಾಹ್ನ. ಎದೆನೋವು ಹೇಳಿ ಮಲಗಿದವ್ರು ಏಳ್ಲಿಲ್ಲ. ಇವತ್ತು ಬೆಳಿಗ್ಗೆ ಎಲ್ಲ ಮುಗೀತು."

ಅವರು ಒಂದು ಚೀಟಿ ಮತ್ತು ಒಂದು ಫೋಟೋ ಕೊಟ್ಟರು. ಫೋಟೋ ತೀರಿಕೊಂಡವರ ತಿಂಗಳ ಬಸ್ ಪಾಸಿನಿಂದ ಬಿಡಿಸಿದ್ದು. ಒಂದು ಮೂಲೆಯಲ್ಲಿ ಮೊಹರಿನ ಅರ್ಧ ಹಾಗೆಯೇ ಉಳಿದಿತ್ತು. ಚೀಟಿ ಶಾಲೆಯ ಗೆರೆ ಹಾಳೆ. ಅಕ್ಷರ ಅಕ್ಕೋರದ್ದು, ಗುಂಡಗೆ, ಕಪ್ಪುಹಲಗೆಯ ಮೇಲೆ ಬರೆದ ಹಾಗೆ. ಮೃತರು ಸರಳ ಸ್ವಭಾವದವರು, ಪರೋಪಕಾರಿ, ಬಸ್ ಪ್ರಯಾಣಿಕರ ಕಷ್ಟಕ್ಕೆ ಆಗುವವರು ಎಂದೆಲ್ಲ ಬರೆದು ಕೊನೆಯಲ್ಲಿ, "ಮೃತರಿಗೆ ಅಪಾರ ಬಂಧುಬಳಗ ಇದೆ" ಎಂದಿತ್ತು. ಆ ಸಾಲಿನ ಕೆಳಗೆ ಗೆರೆ ಎಳೆದಿತ್ತು.

"ಎಲ್ರೂ ಕೂಡಿ ಬರೆಸಿದ್ದು," ಎಂದರು ಅಕ್ಕೋರು. "ಎಂತದೂ ಬಿಡ್ಬೇಡಿ."

"ಜಾಗ ನೋಡಿಕೊಂಡು ಹಾಕಿಸ್ತೇನೆ," ಎಂದೆ.

ಮರುದಿನ ಬೆಳಿಗ್ಗೆ ಬಸ್ಸಿಗೆ ಮೊದಲು, ಚೀಟಿಯಲ್ಲಿದ್ದ ವಿಳಾಸ ಹಿಡಿದು, ಬಾವ ಬಾಡಿಗೆಗೆ ಇದ್ದ ಮನೆಗೆ ಹೋದೆ. ಅದು ನನ್ನ ಕೋಣೆಯಿಂದ ಹತ್ತು ನಿಮಿಷದ ದಾರಿ. ಇಷ್ಟು ಹತ್ತಿರ ಎಂದು ತಿಳಿದಿರಲಿಲ್ಲ. ಮನೆಯ ಮಾಲೀಕರು ಜಗಲಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು.

"ಸಂಬಂಧಿಕರು ಯಾರಾದರೂ ಬಂದಿದ್ದರಾ?"

"ಯಾರೂ ಬರ್ಲಿಲ್ಲ. ಅವ್ರ ಬಾಯಲ್ಲಿ ಯಾರ ಸುದ್ದಿನೂ ಕೇಳ್ಲಿಲ್ಲ ನಾನು."

"ಮದುವೆ?"

"ಇಲ್ಲ."

ಬರೆದುಕೊಂಡೆ. ನನ್ನ ಪ್ರಶ್ನೆಗಳು ಅಲ್ಲಿಗೆ ಮುಗಿದವು. ಒಳಗಿನ ಕೋಣೆಯ ಬಾಗಿಲಿಗೆ ಬೀಗ ಇತ್ತು. ಹೊರಗೆ ಹಗ್ಗದ ಮೇಲೆ ಒಂದು ಬಿಳಿ ಅಂಗಿ ಇನ್ನೂ ಒಣಗುತ್ತಿತ್ತು.

ಆ ದಿನ ಕಚೇರಿಗೆ ಬೇರೆಯೂ ನಿಧನ ವಾರ್ತೆಗಳು ಬಂದಿದ್ದವು. ಒಂದು ಕಾರವಾರದ ಒಬ್ಬ ಗುತ್ತಿಗೆದಾರರದ್ದು. ಅದಕ್ಕೆ ಪತ್ನಿ, ಪುತ್ರರು, ಅಪಾರ ಬಂಧುಬಳಗ ಎಲ್ಲವನ್ನೂ ಹಾಕಿದೆ. ಈ ಚೀಟಿಗೆ ಬಂದಾಗ ಪರೋಪಕಾರಿ ಮೊದಲಾದ ವಿಶೇಷಣಗಳನ್ನು ತೆಗೆದೆ. ಅದನ್ನು ಎಲ್ಲರ ವಾರ್ತೆಯಲ್ಲೂ ಮಾಡುತ್ತಿದ್ದೆ. ಕೊನೆಯ ಸಾಲಿನಲ್ಲಿ ಪೆನ್ನು ನಿಂತಿತು. ಇಲ್ಲ ಎಂಬುದು ನನಗೆ ಗೊತ್ತಿತ್ತು. ವಿಚಾರಿಸಿ ಬಂದಿದ್ದೆ. ಗೊತ್ತಿದ್ದೂ ಇದೆ ಎಂದು ಬರೆಯುವುದು ಹೇಗೆ ಎಂದುಕೊಂಡು ಗೆರೆ ಹೊಡೆದೆ. ಬುಧವಾರ ಮೊಹರಿನ ಅರ್ಧ ಇದ್ದ ಆ ಫೋಟೋದ ಕೆಳಗೆ ಮೂರು ಪುಟ್ಟ ವಾಕ್ಯಗಳು ಬಂದವು. ಭಾನುವಾರ ನಿಧನರಾದರು. ಸ್ಟೇಷನರಿ ಅಂಗಡಿಯೊಂದರಲ್ಲಿ ಉದ್ಯೋಗಿಯಾಗಿದ್ದರು. ಅವಿವಾಹಿತರಾಗಿದ್ದರು.

ಬುಧವಾರ ಸಂಜೆ ಅಕ್ಕೋರ ತೊಡೆಯ ಮೇಲೆ ಆ ಪುಟ ಮಡಿಚಿ ಇತ್ತು.

"ಪೇಪರಿನವ್ರೆ, ಒಂದು ಕೇಳೂದಿತ್ತು. ಕೊನೆ ಸಾಲು ಎಲ್ಲಿ ಹೋಯ್ತು?"

"ವಿಚಾರಿಸಿದೆ ಅಕ್ಕೋರೆ. ಅವರಿಗೆ ಸಂಬಂಧಿಕರು ಯಾರೂ ಇರಲಿಲ್ಲ. ಇಲ್ಲದ್ದನ್ನು ಹಾಕೋಕೆ ಬರೋದಿಲ್ಲ."

ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಪಕ್ಕದಲ್ಲೇ ಗುತ್ತಿಗೆದಾರ್ರದ್ದು ಉಂಟು. ಒಡಹುಟ್ಟಿದ ತಮ್ಮ ಮುಖ ನೋಡೂಕೂ ಬರ್ಲಿಲ್ಲ ಹೇಳಿ ಕಾರವಾರಕ್ಕೇ ಗೊತ್ತು. ಅವ್ರ ಬಂಧುಬಳಗ ಎಣಿಸಿದ್ರಾ ನೀವು?"

ಗುತ್ತಿಗೆದಾರರ ಮನೆಗೆ ನಾನು ಹೋಗಿರಲಿಲ್ಲ.

"ಬಿಡಿ ಅಕ್ಕೋರೆ," ಎಂದ ಬಡಗಿ. "ನಾವು ಬಸ್ಸಿನ ಜನ. ಬಂಧು ಅಲ್ಲ, ಬಳಗನೂ ಅಲ್ಲ."

ಅದಾದ ಮೇಲೆ ಯಾರೂ ನನ್ನೊಂದಿಗೆ ಜಗಳ ತೆಗೆಯಲಿಲ್ಲ. ಎದುರು ಸಿಕ್ಕರೆ ತಲೆ ಆಡಿಸುತ್ತಿದ್ದರು. ಸೀಟು ಹಿಡಿಯುವ ಕೆಲಸವನ್ನು ಬಡಗಿ ವಹಿಸಿಕೊಂಡಿದ್ದ. ಅವನ ಚೀಲ, ಅಳತೆಯ ಪಟ್ಟಿ, ಪೆನ್ಸಿಲ್ ಡಬ್ಬಿ ಸೀಟುಗಳ ಮೇಲೆ ಇರುತ್ತಿದ್ದವು. ಅವುಗಳಲ್ಲಿ ಯಾವುದೂ ನನ್ನದಾಗಿರಲಿಲ್ಲ. ಕಂಬಿ ಹಿಡಿದು ಅಂಕೋಲೆಯವರೆಗೆ ನಿಂತು ಹೋಗುತ್ತಿದ್ದೆ. ನಾನು ನಿಂತ ಕಡೆ ಮಾತು ತಗ್ಗುತ್ತಿತ್ತು, ಮುಂದೆ ಸರಿದ ಮೇಲೆ ಮತ್ತೆ ಏಳುತ್ತಿತ್ತು. ಮೊದಲು ಅವರ ಮಾತಿನಲ್ಲಿ ನಾನು ಸೇರುತ್ತಿರಲಿಲ್ಲ, ನಿಜ. ಆದರೆ ಅದು ನನ್ನ ಸುತ್ತ ನಡೆಯುತ್ತಿತ್ತು. ಅಷ್ಟು ಸಾಕಾಗಿತ್ತು ಎಂಬುದು ಅದು ನಿಂತ ಮೇಲೆ ತಿಳಿಯಿತು. ಕೋಣೆಗೆ ಬಂದು ಅನ್ನಕ್ಕೆ ಇಟ್ಟು ಕುಕ್ಕರಿನ ಸದ್ದನ್ನು ಕೇಳುತ್ತಾ ಕೂರುತ್ತಿದ್ದೆ. ಒಂದೆರಡು ಸಲ, ಏಳಕ್ಕಿಂತ ಮೊದಲಿನ ಬಸ್ಸಿಗೆ ಸಮಯ ಬದಲಿಸಿಕೊಳ್ಳಬಹುದೇ ಎಂದೂ ಯೋಚಿಸಿದೆ. ಕಚೇರಿಯ ಕೆಲಸ ಅದಕ್ಕೆ ಬಿಡಲಿಲ್ಲ.

ಒಂದು ವಾರದ ನಂತರ, ಮಧ್ಯಾಹ್ನ ನಾಲ್ಕರ ಸುಮಾರಿಗೆ, ಒಬ್ಬ ಹೆಂಗಸು ಕಚೇರಿಗೆ ಬಂದರು. ಅರವತ್ತು ದಾಟಿದವರು. ಕೈಯಲ್ಲಿ ಬಟ್ಟೆಯ ಚೀಲ. ಸೆರಗಿನ ಗಂಟು ಬಿಚ್ಚಿ ಪತ್ರಿಕೆಯ ತುಂಡನ್ನು ಮೇಜಿನ ಮೇಲೆ ಇಟ್ಟರು. ಬಸ್ ಪಾಸಿನ ಆ ಫೋಟೋ.

"ಇದನ್ನು ಬರದವ್ರು ಯಾರು?"

"ನಾನೇ ಅಮ್ಮ."

"ನಂಗೆ ಓದೂಕೆ ಬರೂದಿಲ್ಲ. ಹಿಲ್ಲೂರಲ್ಲಿ ಬದಿ ಮನೆ ಹುಡ್ಗಿ ಓದ್ತು. ಅವಂಗೆ ಯಾರೂ ಇರ್ಲಿಲ್ಲ ಹೇಳಿ ಬಂದದೆ ಅಂತು."

"ಹಾಗೆ ಬರೆದಿಲ್ಲ."

"ಮತ್ತೆಂತ ಬರದ್ರಿ? ಓದಿ."

ಮೂರು ವಾಕ್ಯಗಳನ್ನು ಓದಿದೆ. ಅವರು ಮುಂದಿನದಕ್ಕೆ ಕಾದರು. ಮುಂದೆ ಏನೂ ಇರಲಿ‍ಲ್ಲ.

"ಯಾರಿದ್ರು ಹೇಳಿ ಇಲ್ವಲ್ಲ."

"ಇಲ್ಲ."

"ಹಂಗಾದ್ರೆ ಅದೇ ಆಯ್ತು."

"ನೀವು ಅವರಿಗೆ ಏನಾಗಬೇಕು?"

"ಅಕ್ಕ."

ನಾನು ಬರೆದ ಮೂರು ವಾಕ್ಯಗಳೂ ಸರಿಯಾಗಿದ್ದವು. ಬರೆಯದೆ ಬಿಟ್ಟ ನಾಲ್ಕನೆಯದರಲ್ಲಿ ತಪ್ಪಿತ್ತು. ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ಅವರು ಒರಗದೆ ನೆಟ್ಟಗೆ ಕೂತರು. ಕೇಳದೆಯೇ ಹೇಳತೊಡಗಿದರು.

ಅವರ ತವರು ಚೆಂಡಿಯಾ. ಸಮುದ್ರಕ್ಕೆ ಹತ್ತಿರದ ಮನೆ, ಅಂಗಳದಲ್ಲಿ ಅಮ್ಮ ಕಟ್ಟಿಸಿದ ತುಳಸಿಕಟ್ಟೆ. ನೌಕಾನೆಲೆಗೆ ಜಾಗ ಹೋಯಿತು. ಮನೆ ಬಿಡುವ ದಿನಕ್ಕೆ ಮೊದಲು ತನಗೆ ಹೇಳಿ ಕಳಿಸಬೇಕು, ಬಂದು ಆ ಕಟ್ಟೆಗೆ ಕೊನೆಯದಾಗಿ ಒಂದು ದೀಪ ಇಟ್ಟು ಹೋಗುತ್ತೇನೆ ಎಂದು ತಮ್ಮನಿಗೆ ಹೇಳಿಟ್ಟಿದ್ದರು. ತಮ್ಮ ಹೇಳಿ ಕಳಿಸಲಿಲ್ಲ. ಬೇರೆಯವರ ಬಾಯಿಂದ ತಿಳಿದು ಹಿಲ್ಲೂರಿನಿಂದ ಓಡಿ ಬರುವಾಗ ಒಂದು ದಿನ ತಡವಾಗಿತ್ತು. ಮನೆ ನೆಲಸಮವಾಗಿತ್ತು. ಕಟ್ಟೆ ಎಲ್ಲಿತ್ತು ಎಂದು ಗುರುತು ಹಿಡಿಯಲೂ ಆಗಲಿಲ್ಲ. ತಮ್ಮ ಗಾಡಿಗೆ ಏರಿಸದೆ ಉಳಿದಿದ್ದ ಎರಡು ಪಾತ್ರೆ ಹಿಡಿದುಕೊಂಡು ರಸ್ತೆಯ ಬದಿಗೆ ನಿಂತಿದ್ದ.

"ಯಾಕೆ ಹೇಳ್ಲಿಲ್ಲ ಹೇಳಿ ಕೇಳ್ದೆ. ‘ನೀ ಅಳೂದು ನೋಡೂಕೆ ಆಗೂದಿಲ್ಲಾಗಿತ್ತು’ ಅಂದ. ನಂಗೆ ಸಿಟ್ಟು ಬಂತು. ‘ಇವತ್ತಿಂದ ನಿಂಗೆ ಯಾರೂ ಇಲ್ಲ ಹೇಳಿ ತಿಳ್ಕ’ ಅಂದೆ. ಅಂವ ಪಾತ್ರೆ ಹಿಡ್ಕಂಡು ಹೋದ. ಮತ್ತೆ ಬರ್ಲೇ ಇಲ್ಲ. ಏಳು ವರ್ಷ ಆಯ್ತು."

ಅವರು ಪತ್ರಿಕೆಯ ತುಂಡನ್ನು ಮಡಿಚಿದರು.

"ನಾ ಹೇಳಿದ ಮಾತೇ ಪೇಪರಲ್ಲಿ ಬಂತು. ನಂಗೆ ಒಂದೇ ತಿಳೀಬೇಕು. ಅಂವ ಹಂಗೇ ಇದ್ನಾ? ಯಾರೂ ಇಲ್ದೆ?"

ಸಮಾಧಾನಕ್ಕೆ ಒಂದು ಮಾತು ಹೇಳಬಹುದಿತ್ತು. ಆದರೆ ಅವರು ಎರಡು ಬಸ್ಸು ಹತ್ತಿ ಬಂದದ್ದು ಸಮಾಧಾನಕ್ಕಲ್ಲ, ನಿಜ ಏನೆಂದು ಕೇಳಲು. ಮೂರು ವರ್ಷ ಅವರ ತಮ್ಮ ಹಿಡಿದಿಟ್ಟ ಸೀಟಿನಲ್ಲಿ ಕೂತು ಹೋದವನಿಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ.

"ನನಗೆ ಗೊತ್ತಿಲ್ಲ ಅಮ್ಮ," ಎಂದೆ. "ಗೊತ್ತಿದ್ದವರು ಏಳು ಗಂಟೆ ಬಸ್ಸಿನಲ್ಲಿ ಸಿಗ್ತಾರೆ. ಆದರೆ ಅಷ್ಟೊತ್ತಿಗೆ ಹಿಲ್ಲೂರಿನ ಕೊನೆ ಬಸ್ಸು ತಪ್ಪಿಹೋಗ್ತದೆ."

"ತಪ್ಲಿ."

ಆ ದಿನ ಕೊನೆಯ ಸುದ್ದಿಯನ್ನು ಜೊತೆಗಾರನಿಗೆ ಒಪ್ಪಿಸಿ ಆರೂಕಾಲಿಗೇ ಅವರನ್ನು ಕರೆದುಕೊಂಡು ಹೊರಬಿದ್ದೆ. ಬಸ್ಸು ಹಿಂದಿನ ಅಂಗಳದಲ್ಲಿ ನಿಂತಿತ್ತು. ಅಲ್ಲಿಗೆ ನಾನು ಹೋದದ್ದು ಅದೇ ಮೊದಲು. ಕಂಡಕ್ಟರು ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನನ್ನನ್ನು ನೋಡಿಯೂ ಲೋಟ ಕೆಳಗಿಡಲಿಲ್ಲ.

"ಇವರು ಅವರ ಅಕ್ಕ," ಎಂದೆ.

ಯಾರ ಅಕ್ಕ ಎಂದು ಅವರೂ ಕೇಳಲಿಲ್ಲ. ಲೋಟ ಕೆಳಗಿಟ್ಟು ಎದ್ದರು. ಹೆಂಗಸಿನ ಕೈಯಿಂದ ಚೀಲ ತೆಗೆದುಕೊಂಡರು. "ಬನ್ನಿ ಅಕ್ಕ, ಮೆಟ್ಲು ಎತ್ರ ಉಂಟು, ಸಾವಕಾಶ." ಬಲಬದಿಯ ಮೂರನೇ ಸೀಟಿನಲ್ಲಿ ಕೂರಿಸಿದರು. ಆಮೇಲೆ ಡ್ರೈವರನ ಸೀಟಿನ ಹಿಂದೆ ಕೈ ಹಾಕಿ ಕಪ್ಪು ಕೊಡೆ ತೆಗೆದರು.

"ಇದು ಅವ್ರದ್ದು. ಶನಿವಾರ ಮರ್ತು ಹೋದ್ರು. ಸೋಮವಾರ ಕೊಡ್ವ ಹೇಳಿ ಇಟ್ಟಿದ್ದೆ."

ಅಕ್ಕ ಕೊಡೆಯನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡರು. ಅದರ ಹಿಡಿಕೆಗೆ ಸುತ್ತಿದ್ದ ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಬಸ್ಸು ಪ್ಲಾಟ್‌ಫಾರ್ಮಿಗೆ ಬಂತು, ಜನ ತುಂಬಿದರು. ಕಂಡಕ್ಟರು ಹತ್ತಿದವರಿಗೆಲ್ಲ ಗಲ್ಲ ಎತ್ತಿ ಮೂರನೇ ಸೀಟನ್ನು ತೋರಿಸಿ ಎರಡು ಶಬ್ದ ಹೇಳುತ್ತಿದ್ದರು. ಅಕ್ಕೋರು ಬಂದು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡರು. ಮಾತು ಶುರು ಮಾಡಿದ್ದು ಬಡಗಿ.

"ನಿಮ್ಮ ತಮ್ಮ ನಂಗೆ ಚಪ್ಪಲಿ ಮೇಲೆ ಕೂರ್ಸಿದ್ರು, ಗೊತ್ತುಂಟಾ ನಿಮ್ಗೆ?"

ಚಪ್ಪಲಿಯ ಕಥೆ ಬಂತು. ಅದನ್ನು ನಾನು ಕಂಡದ್ದಕ್ಕಿಂತ ಹೆಚ್ಚು ಉದ್ದವಾಗಿ ಹೇಳಿದ. ಹಿಂದಿನಿಂದ ಒಬ್ಬಳು, ತನಗೆ ಏಳು ತಿಂಗಳಿದ್ದಾಗ ದಿನವೂ ಊಟದ ಡಬ್ಬಿಯ ಸೀಟು ತನ್ನದೇ ಆಗಿತ್ತು, ಮಗು ಹುಟ್ಟಿದ ಮೇಲೆ ಅದಕ್ಕೂ ಡಬ್ಬಿ ಎಂದೇ ಅಡ್ಡಹೆಸರು ಇಟ್ಟಿದ್ದಾರೆ ಎಂದಳು.

"ಡಬ್ಬಿಗೆ ಈಗ ಎಷ್ಟು ವರ್ಷ?" ಎಂದು ಕೇಳಿದರು ಅಕ್ಕ. ಬಸ್ಸು ಹತ್ತಿದ ಮೇಲೆ ಅವರು ಆಡಿದ ಮೊದಲ ಮಾತು ಅದು.

ಅರ್ಗಾ ದಾಟಿತು. ಕತ್ತಲಾಗಿತ್ತು. ಗೋಡೆ ಶುರುವಾಯಿತು, ಅದರ ಉದ್ದಕ್ಕೂ ದೀಪಗಳು. ಅಕ್ಕ ಕಿಟಕಿಯ ಕಡೆ ತಿರುಗಿದರು.

"ಇಲ್ಲಿಗೆ ಬಂದ ಕೂಡ್ಲೆ ಎದ್ದು ನಿಲ್ತಿದ್ರು," ಎಂದರು ಕಂಡಕ್ಟರು. "ಗೋಡೆ ಮುಗಿಯೂವರೆಗೆ ಕೂರ್ತಿರ್ಲಿಲ್ಲ. ಒಂದ್ ದಿನನೂ ಬಿಟ್ಟವ್ರಲ್ಲ."

ಅಕ್ಕ ಮುಂದಿನ ಸೀಟಿನ ಕಂಬಿ ಹಿಡಿದು ಎದ್ದು ನಿಂತರು. ಯಾರೂ ಕೂರಿ ಎನ್ನಲಿಲ್ಲ. ಗೋಡೆ ಮುಗಿದ ಮೇಲೆ ಕೂತರು. ಕಂಡಕ್ಟರ ಕಡೆ ತಿರುಗಿ ಕೇಳಿದರು.

"ಬೆಂಕಿ ಕೊಟ್ಟವ್ರು ಯಾರು?"

"ನಾ ಕೊಟ್ಟೆ ಅಕ್ಕ," ಎಂದರು ಕಂಡಕ್ಟರು. "ತಪ್ಪಾಗಿದ್ರೆ ಹೊಟ್ಟೆಲಿ ಹಾಕ್ಕಳಿ."

"ಎಷ್ಟು ಜನ ಬಂದಿದ್ರು?"

"ಎಣಿಸ್ಲಿಲ್ಲ," ಎಂದರು ಅಕ್ಕೋರು. "ಎಂಟೂವರೆ ಬಸ್ಸು ಖಾಲಿ ಹೋಯ್ತು ಹೇಳಿ ತಿಳ್ಕಳಿ."

ನನ್ನ ಜೇಬಿನಲ್ಲಿ ಅದೇ ನೋಟುಪುಸ್ತಕ ಇತ್ತು. ಅಂಕೋಲೆ ಬಸ್ ಖಾಲಿ, ಯಾಕೆ ಎಂಬ ಸಾಲು ಅದರೊಳಗೆ ಇತ್ತು. ಆ ಬೆಳಿಗ್ಗೆ ಅವರ ಬಂಧುಬಳಗ ಎಷ್ಟು ದೊಡ್ಡದು ಎಂದು ತೋರಿಸುವ ಖಾಲಿ ಸೀಟುಗಳ ನಡುವೆ ನಾನೊಬ್ಬನೇ ಕೂತು ಹೋಗಿದ್ದೆ. ಮರುದಿನ ಮನೆ ಮಾಲೀಕರಿಗೆ, ಸಂಬಂಧಿಕರು ಬಂದಿದ್ದರಾ ಎಂದು ಕೇಳಿದ್ದೆ. ಯಾರು ಬಂದಿದ್ದರು ಎಂದು ಕೇಳಿರಲಿಲ್ಲ.

ಅಮದಳ್ಳಿಯಲ್ಲಿ ಬಡಗಿ ಇಳಿಯುವಾಗ ಅಕ್ಕನ ಕಾಲು ಮುಟ್ಟಿ ಹೋದ. ಅವರ್ಸಾ ಹತ್ತಿರವಾದಾಗ ಅಕ್ಕೋರು ಚೀಲ ಎತ್ತಿಕೊಂಡರು.

"ಏಳಿ. ನಿಮ್ಮ ಬಸ್ಸು ಇನ್ನು ಬೆಳಿಗ್ಗೇನೇ. ನಮ್ಮನೆಲಿ ಗಂಜಿ ಉಂಡು ಮಲಗೂದು. ನಾಳೆ ನಾನೇ ಹತ್ತಿಸಿ ಕೊಡ್ತೆ."

"ಬೇಡ ತಂಗಿ. ನಂಗೆ ಸೂತಕ."

"ನಮ್ಗೂ ಉಂಟು ಹೇಳಿ ತಿಳ್ಕಳಿ."

ಅಕ್ಕ ಅವರ ಮುಖ ನೋಡಿದರು. ಆಮೇಲೆ ಎದ್ದರು. ಕೊಡೆಯನ್ನು ಕಂಡಕ್ಟರ ಕೈಗೆ ಕೊಟ್ಟು, "ಇದು ಬಸ್ಸಲ್ಲೇ ಇರ್ಲಿ" ಎಂದರು. ಬಾಗಿಲ ಬಳಿ ನಾನು ನಿಂತಿದ್ದೆ. ನನ್ನ ಎದುರು ನಿಂತರು.

"ನೀವು ಬರದದ್ದು ತಪ್ಪು."

"ಹೌದು."

ಅವರು ಅದನ್ನು ದೂರಿನಂತೆ ಹೇಳಲಿಲ್ಲ. ಖಚಿತ ಮಾಡಿಕೊಂಡವರಂತೆ ಹೇಳಿದರು. ಸೆರಗಿನ ಗಂಟು ಬಿಚ್ಚಿ ಪತ್ರಿಕೆಯ ತುಂಡನ್ನು ನನಗೆ ವಾಪಸು ಕೊಟ್ಟು, ಅಕ್ಕೋರ ಹೆಗಲು ಹಿಡಿದು ಇಳಿದರು. ರಸ್ತೆ ದಾಟುವವರೆಗೆ ಇಬ್ಬರೂ ಕಂಡರು.

ತಿದ್ದುಪಡಿಯನ್ನು ಮರುದಿನವೇ ಬರೆದು ಕಳಿಸಿದೆ. ಮೃತರಿಗೆ ಸಹೋದರಿ ಹಾಗೂ ಅಪಾರ ಬಂಧುಬಳಗ ಇದೆ. ಹೆಸರು ಅಥವಾ ವಯಸ್ಸು ತಪ್ಪಿದ್ದರೆ ಮಾತ್ರ ನಿಧನ ವಾರ್ತೆಗೆ ತಿದ್ದುಪಡಿ ಹಾಕುತ್ತೇವೆ ಎಂದು ಹುಬ್ಬಳ್ಳಿಯ ಡೆಸ್ಕಿನಿಂದ ಉತ್ತರ ಬಂತು. ಅದು ಪ್ರಕಟವಾಗಲೇ ಇಲ್ಲ.

ಅಕ್ಕ ಇಳಿದು ಹೋದ ಆ ಸಂಜೆ ಅವರ್ಸಾ ಬಿಟ್ಟ ಮೇಲೆ ಬಸ್ಸಿನಲ್ಲಿ ಕೆಲವೇ ಜನ ಉಳಿದಿದ್ದೆವು. ಮೂರನೇ ಸೀಟು ಖಾಲಿ ಇತ್ತು. ನಾನು ಕೂರಲಿಲ್ಲ. ಅಂಕೋಲೆಯಲ್ಲಿ ಎಲ್ಲರೂ ಇಳಿದರು, ನಾನು ಕೊನೆಯವನು. ಕಂಡಕ್ಟರು ಚೀಲದೊಳಗೆ ಟಿಕೆಟಿನ ಕಟ್ಟುಗಳನ್ನು ಜೋಡಿಸುತ್ತಾ ಕರೆದರು.

"ನಿಮ್ಮ ಮನೆ ಎಲ್ಲಿ ಮಾರಾಯ್ರೆ? ಆ ಭಾನುವಾರ ನಿಮ್ಗೂ ಹೇಳಿ ಕಳಿಸ್ವ ಅಂದ್ರೆ ಬಸ್ಸಲ್ಲಿ ಒಬ್ರಿಗೂ ಗೊತ್ತಿಲ್ಲ. ಇಬ್ರು ಪೇಟೆಲಿ ಕೇಳ್ತಾ ತಿರುಗಿದ್ರು."

ಆ ಭಾನುವಾರ ಸಂಜೆ ನಾನು ಕೋಣೆಯಲ್ಲೇ ಇದ್ದೆ. ಕಿಟಕಿ ತೆರೆದೇ ಇತ್ತು.

"ಹಳೇ ಬಾವಿ ಇದೆಯಲ್ಲ, ಅದರ ಎದುರಿನ ಓಣಿ," ಎಂದೆ. "ಎರಡನೇ ಮನೆ, ಹೊರಗಿನ ಮೆಟ್ಟಿಲು ಹತ್ತಿದರೆ ಮೇಲಿನ ಕೋಣೆ."

"ಯಾರ ಹೆಸ್ರು ಹೇಳಿ ಕೇಳ್ಬೇಕು?"

ಆ ಓಣಿಯಲ್ಲಿ ನನ್ನ ಹೆಸರು ಯಾರಿಗಾದರೂ ಗೊತ್ತಿದೆಯೇ ಎಂದು ಯೋಚಿಸಿದೆ.

"ಕೇಳಿದರೆ ಸಿಗೋದಿಲ್ಲ. ನೇರ ಮೇಲೆ ಬನ್ನಿ."

ಅವರು ಕಿವಿಯ ಸಂದಿಯಿಂದ ಪೆನ್ನು ತೆಗೆದು ಹಳೆಯ ಟಿಕೆಟೊಂದರ ಹಿಂದೆ ಬರೆದುಕೊಂಡರು. ಬರೆದದ್ದನ್ನು ದೀಪಕ್ಕೆ ಹಿಡಿದು ಓದಿ ಹೇಳಿದರು. ಸರಿಯಾಗಿತ್ತು.